ಏನೂ ಆಗಲಿಲ್ಲ ಅನ್ನೋ ಸುದ್ದಿ

ಜ್ವರದ ಮಾತ್ರೆ ತಗೊಂಡರೆ ಜ್ವರ ಇಳಿಯುತ್ತೆ, ತಲೆನೋವಿನ ಮಾತ್ರೆ ತಗೊಂಡರೆ ತಲೆನೋವು ಹೋಗುತ್ತೆ. ಮಾತ್ರೆ ಕೆಲಸ ಮಾಡ್ತು ಅಂತ ನಮಗೆ ಗೊತ್ತಾಗೋದು ಹಾಗೆ. ಆದರೆ ಇನ್ನೊಂದು ಜಾತಿಯ ಮಾತ್ರೆ ಇದೆ. ಅದು ಸರಿಯಾಗಿ ಕೆಲಸ ಮಾಡಿದರೆ ಏನೂ ಆಗೋದಿಲ್ಲ. ಇವತ್ತೂ ಏನೂ ಆಗಲ್ಲ, ಮುಂದಿನ ತಿಂಗಳೂ ಏನೂ ಆಗಲ್ಲ. ಅಂಥ ಮಾತ್ರೆಯನ್ನ ದಿನಕ್ಕೆರಡು ಸಲ ವರ್ಷಗಟ್ಟಲೆ ನುಂಗಬೇಕು ಅಂತ 62 ವರ್ಷದ ರೈತರೊಬ್ಬರನ್ನ ಒಪ್ಪಿಸೋಕೆ ಹೋದ ಕಥೆ ಇದು. ಜೊತೆಗೆ ಒಂದಿಷ್ಟು ಫ್ಲೂಯಿಡ್ ಮೆಕ್ಯಾನಿಕ್ಸೂ ಇದೆ. ಹೆದರಬೇಡಿ, ಇಂಟರ್ನಲ್ಸ್‌ಗೆ ಬರಲ್ಲ.

ಬರೀತಿರೋ ನಾವು ಇಬ್ಬರು, ಅಣ್ಣತಮ್ಮಂದಿರ ಮಕ್ಕಳು. ಒಬ್ಬ ಮೆಕ್ಯಾನಿಕಲ್, ಇನ್ನೊಬ್ಬ ಎಲೆಕ್ಟ್ರಾನಿಕ್ಸ್. ಊರು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಹತ್ತಿರ. ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯರಾದ ದೊಡ್ಡಪ್ಪ ನಮ್ಮಿಬ್ಬರ ಫೀಸನ್ನೂ ಎಷ್ಟೋ ಸಲ ತೆಂಗಿನಕಾಯಿ ಮಾರಿ ಕಟ್ಟಿದವರು. ರಾಗಿ, ತೆಂಗು, ಎರಡು ಹಸು ಅವರ ಪ್ರಪಂಚ. ಶುಗರ್ ಬಂದು 14 ವರ್ಷ ಆಗಿದೆ. ಬೀಡಿ ಇಲ್ಲ, ಕುಡಿತ ಇಲ್ಲವೇ ಇಲ್ಲ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಎಲ್ಲರ ಹಾಗೆ ಡೆಂಗಿ ಅಂದುಕೊಂಡು ರಕ್ತ ಪರೀಕ್ಷೆ ಮಾಡಿಸಿದ್ವಿ. ಡೆಂಗಿ ಇರಲಿಲ್ಲ. ಪ್ಲೇಟ್‌ಲೆಟ್ ಮಾತ್ರ 78 ಸಾವಿರ. ವಾರದಲ್ಲಿ ಜ್ವರ ಹೋಯ್ತು. ತಿಂಗಳು ಬಿಟ್ಟು ನೋಡಿದರೆ 82 ಸಾವಿರ. ಜ್ವರ ಹೋದ ಮೇಲೂ ಇದು ಏರ್ತಿಲ್ಲ ಅಂದ್ರೆ ಬೇರೇನೋ ಇದೆ ಅಂತ ಡಾಕ್ಟರು ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಲಿವರ್ ಮೇಲ್ಮೈ ಗಂಟುಗಂಟಾಗಿತ್ತು, ಗುಲ್ಮ ದೊಡ್ಡದಾಗಿತ್ತು. ಬೆಂಗಳೂರಿನಲ್ಲಿ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ಕೆಳಭಾಗದಲ್ಲಿ ದೊಡ್ಡ ಗಾತ್ರದ ಮೂರು ಉಬ್ಬಿದ ರಕ್ತನಾಳಗಳು ಕಂಡವು. ಕಾಯಿಲೆಯ ಹೆಸರು ಸಿರೋಸಿಸ್, ಉಬ್ಬಿದ ನಾಳಗಳ ಹೆಸರು ವೇರಿಸಸ್. ಅವು ಇನ್ನೂ ಒಡೆದಿರಲಿಲ್ಲ. ಒಡೆದರೆ ರಕ್ತ ವಾಂತಿ. ಇವತ್ತಿನ ಎಲ್ಲಾ ಚಿಕಿತ್ಸೆ ಇದ್ದೂ ಹಾಗೆ ಒಡೆದವರಲ್ಲಿ ನೂರಕ್ಕೆ 10ರಿಂದ 20 ಮಂದಿ ಆರು ವಾರದೊಳಗೆ ತೀರಿಕೊಳ್ತಾರೆ.

ಇಡೀ ಮನೆಗೆ ಮೊದಲು ಬಂದಿದ್ದು ಭಯ ಅಲ್ಲ, ನಾಚಿಕೆ. ಲಿವರ್ ಹೋಗೋದು ಕುಡುಕರಿಗೆ ಅನ್ನೋದು ನಮ್ಮ ಕಡೆ ಎಲ್ಲರೂ ನಂಬಿರೋ ಮಾತು. "ಯಾರ್ಗೂ ಹೇಳ್ಬೇಡಿ ಕಣ್ರಲಾ, ನಾಳೆ ಅರಳಿಕಟ್ಟೇಲಿ ನಂದೇ ಮಾತಾಗ್ತದೆ" ಅಂದರು ದೊಡ್ಡಪ್ಪ. ಕುಡಿತದಿಂದ ಸಿರೋಸಿಸ್ ಬರೋದು ನಿಜ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ನಿಂದಲೂ ಬರುತ್ತೆ. ಶುಗರ್, ಬೊಜ್ಜು ಇರೋರಿಗೆ ಲಿವರ್‌ನಲ್ಲಿ ಕೊಬ್ಬು ತುಂಬಿ, ವರ್ಷಗಟ್ಟಲೆ ಸದ್ದಿಲ್ಲದೆ ಗಾಯ ಆಗಿ ಆಗಿ ಕೂಡ ಬರುತ್ತೆ. ದೊಡ್ಡಪ್ಪನದು ಈ ಕೊನೇ ಬಗೆ. ಯಾವ ಕಾರಣಕ್ಕೆ ಬಂದರೂ ಒಳಗಿನ ಪ್ಲಂಬಿಂಗ್ ಕೆಡೋದು ಒಂದೇ ರೀತಿ.

ಆ ಪ್ಲಂಬಿಂಗ್ ಹೀಗಿದೆ. ಹೊಟ್ಟೆ, ಕರುಳು, ಗುಲ್ಮ ಇವುಗಳಿಂದ ಬರೋ ರಕ್ತ ನೇರ ಹೃದಯಕ್ಕೆ ಹೋಗಲ್ಲ. ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರ್‌ಗೆ ಹೋಗುತ್ತೆ, ಅಲ್ಲಿಂದ ಹೃದಯಕ್ಕೆ. ನಿಮಿಷಕ್ಕೆ ಸುಮಾರು ಒಂದು ಲೀಟರ್ ಹರಿವು. ಆರೋಗ್ಯವಾದ ಲಿವರ್ ಸ್ಪಂಜಿನ ಹಾಗಿರುತ್ತೆ, ಇಷ್ಟು ರಕ್ತ ಹರಿಸೋಕೆ 1ರಿಂದ 5 ಮಿಲಿಮೀಟರ್ ಪಾದರಸದಷ್ಟು ಒತ್ತಡದ ವ್ಯತ್ಯಾಸ ಸಾಕು. ಸಿರೋಸಿಸ್‌ನಲ್ಲಿ ಗಾಯದ ನಾರು ಬೆಳೆದು ಲಿವರ್ ಗಟ್ಟಿಯಾಗುತ್ತೆ, ದಾರಿ ಕಟ್ಟಿಕೊಳ್ಳುತ್ತೆ. ನಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಓದೋನು ಇದನ್ನ ಓಮ್ಸ್ ಲಾ ಅಂತಾನೆ: ಒತ್ತಡ ಅಂದ್ರೆ ಹರಿವು ಗುಣಿಸು ಅಡ್ಡಿ. ಅಡ್ಡಿ ಏರಿತು, ಒತ್ತಡ ಏರಿತು. ಅಷ್ಟಕ್ಕೇ ನಿಲ್ಲಲ್ಲ. ದೇಹ ಕರುಳಿನ ಕಡೆಯ ರಕ್ತನಾಳಗಳನ್ನ ಹಿಗ್ಗಿಸಿ ಇನ್ನಷ್ಟು ರಕ್ತ ಕಳಿಸೋಕೆ ಶುರು ಮಾಡುತ್ತೆ, ಅಂದರೆ ಹರಿವೂ ಏರುತ್ತೆ. ಒತ್ತಡ ಎರಡು ಕಡೆಯಿಂದಲೂ ಏರ್ತಾ ಹೋಗುತ್ತೆ.

ಈ ಒತ್ತಡ 10 ದಾಟಿದರೆ ವೇರಿಸಸ್ ಹುಟ್ಟಬಹುದು, 12 ದಾಟಿದರೆ ಒಡೆಯಬಹುದು ಅಂತ ಲೆಕ್ಕ. 12 ಮಿಲಿಮೀಟರ್ ಪಾದರಸ ಅಂದರೆ ನೀರಿನ ಎತ್ತರದಲ್ಲಿ ಸುಮಾರು 16 ಸೆಂಟಿಮೀಟರ್. ನಿಮ್ಮ ಡ್ರಾಯಿಂಗ್ ಸ್ಕೇಲ್ ತಗೊಂಡು ನೋಡಿ, ಅರ್ಧಕ್ಕಿಂತ ಚೂರು ಜಾಸ್ತಿ. ಆರೋಗ್ಯವಂತರ ಮೇಲಿನ ಮಿತಿ 5, ಅಂದರೆ ಹೆಚ್ಚು ಕಮ್ಮಿ 7 ಸೆಂಟಿಮೀಟರ್. ಈ ಎರಡರ ನಡುವಿನ ಒಂಬತ್ತು ಸೆಂಟಿಮೀಟರ್ ನೀರಿನಲ್ಲಿ ದೊಡ್ಡಪ್ಪನ ಜೀವ ನಿಂತಿದೆ ಅಂತ ಲೆಕ್ಕ ಹಾಕಿದ ದಿನ ನಮಗೆ ಹಾಸ್ಟೆಲಿನಲ್ಲಿ ಊಟ ಸೇರಲಿಲ್ಲ.

ನಮ್ಮ ತಾಲ್ಲೂಕಿನವರಿಗೆ ಇದನ್ನ ಅರ್ಥ ಮಾಡಿಸೋಕೆ ಕೆರೆಗಿಂತ ಒಳ್ಳೇ ಉದಾಹರಣೆ ಇಲ್ಲ. ಲಿವರ್ ಅನ್ನೋದು ತೂಬು. ತೂಬಿಗೆ ಹೂಳು ತುಂಬಿದರೆ ಕೆರೆಯಲ್ಲಿ ನೀರು ಏರುತ್ತೆ. ಏರಿದ ನೀರು ಎಲ್ಲಿ ಮಣ್ಣು ಮೆತ್ತಗಿದೆಯೋ ಅಲ್ಲಿ ದಾರಿ ಮಾಡಿಕೊಳ್ಳುತ್ತೆ. ಅನ್ನನಾಳದ ಕೆಳತುದಿಯ ತೆಳು ನಾಳಗಳೇ ಆ ಮೆತ್ತನೆ ಜಾಗ. ಶಿಂಷಾ ನದಿಗೆ ಕಟ್ಟಿರೋ ಮಾರ್ಕೋನಹಳ್ಳಿ ಜಲಾಶಯ ನೋಡಿದವರಿಗೆ ಅಲ್ಲಿನ ಸ್ವಯಂಚಾಲಿತ ಸೈಫನ್ ಗೊತ್ತಿರುತ್ತೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕೆಲಸ ಅದು. ನೀರು ಗೊತ್ತಾದ ಮಟ್ಟ ಮುಟ್ಟೋವರೆಗೆ ಸುಮ್ಮನಿದ್ದು, ಮುಟ್ಟಿದ ಮೇಲೆ ಯಾರೂ ಗೇಟ್ ಎತ್ತದೆ ತಾನೇ ಹೊರಗೆ ಹಾಕುತ್ತೆ. ದೇಹಕ್ಕೂ ಹೀಗೊಂದು ಮಟ್ಟ ಇದೆ, ಆದರೆ ಹೊರಗೆ ಹಾಕೋ ಸುರಕ್ಷಿತ ದಾರಿ ಇಲ್ಲ. ಹುಟ್ಟಿಕೊಳ್ಳೋ ಅಡ್ಡದಾರಿಗಳು ಯಾರೂ ಡಿಸೈನ್ ಮಾಡಿದ್ದಲ್ಲ.

ಪ್ಲೇಟ್‌ಲೆಟ್ ಯಾಕೆ ಇಳಿದಿತ್ತು ಅನ್ನೋದೂ ಇದರಲ್ಲೇ ಇದೆ. ಗುಲ್ಮದಿಂದ ಬರೋ ರಕ್ತವೂ ಅದೇ ಪೋರ್ಟಲ್ ನಾಳಕ್ಕೆ ಸೇರಬೇಕು. ಮುಂದೆ ಒತ್ತಡ ಜಾಸ್ತಿ ಆದರೆ ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನ ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತೆ.

ತಡೆಯೋಕೆ ಎರಡು ದಾರಿ ಅಂತ ಡಾಕ್ಟರು ಹೇಳಿದರು. ಒಂದು, ಬೀಟಾ ಬ್ಲಾಕರ್ ಮಾತ್ರೆ. ಅದು ಹೃದಯದ ಬಡಿತ ತಗ್ಗಿಸುತ್ತೆ, ಕರುಳಿನ ಕಡೆಯ ರಕ್ತನಾಳಗಳನ್ನ ಕಿರಿದು ಮಾಡುತ್ತೆ. ಸಮೀಕರಣದಲ್ಲಿ ಹರಿವು ಕಮ್ಮಿ ಆಯ್ತು, ಒತ್ತಡ ಇಳೀತು. ಕೆರೆ ಭಾಷೆಯಲ್ಲಿ, ಒಳಗೆ ಬರೋ ನೀರನ್ನೇ ತಗ್ಗಿಸಿದ ಹಾಗೆ. ಇನ್ನೊಂದು ಬ್ಯಾಂಡ್ ಹಾಕೋದು. ಎಂಡೋಸ್ಕೋಪಿ ಮೂಲಕ ಉಬ್ಬಿದ ನಾಳವನ್ನ ಹೀರಿ ಎತ್ತಿ ಬುಡಕ್ಕೆ ಸಣ್ಣ ರಬ್ಬರ್ ಬ್ಯಾಂಡ್ ಬಿಗೀತಾರೆ. ಕೆಲವು ದಿನದಲ್ಲಿ ಅದು ಒಣಗಿ ಉದುರುತ್ತೆ. ಇದು ಏರಿಯ ಮೆತ್ತನೆ ಜಾಗಕ್ಕೆ ಮಣ್ಣು ಮೆತ್ತಿದ ಹಾಗೆ. ಗೋಡೆಯ ಮೇಲಿನ ಎಳೆತ ಅಂದರೆ ಒತ್ತಡ ಗುಣಿಸು ತ್ರಿಜ್ಯ, ಭಾಗಿಸು ಗೋಡೆಯ ದಪ್ಪ. ನಾಳ ದಪ್ಪ ಊದಿದಷ್ಟೂ ಗೋಡೆ ತೆಳ್ಳಗಾಗುತ್ತೆ, ಎಳೆತ ಎರಡು ಕಡೆಯಿಂದಲೂ ಏರುತ್ತೆ. ಆದ್ದರಿಂದಲೇ ದೊಡ್ಡ ವೇರಿಸಸ್ ಕಂಡರೆ ಡಾಕ್ಟರು ಕಾಯೋದಿಲ್ಲ. ಬ್ಯಾಂಡ್ ಹಾಕಿದರೆ ಆ ನಾಳ ಹೋಗುತ್ತೆ, ಒತ್ತಡ ಹಾಗೇ ಇರುತ್ತೆ. ಹೊಸ ನಾಳ ಊದಬಹುದು. ಅದಕ್ಕೇ ಪದೇ ಪದೇ ಇಣುಕಿ ನೋಡಬೇಕು.

ಬೀಟಾ ಬ್ಲಾಕರ್ ಹೊಸ ಔಷಧಿ ಏನಲ್ಲ. ಪ್ರೊಪ್ರನೊಲಾಲ್ ಹೃದಯಕ್ಕೆ ಅಂತ 1960ರ ದಶಕದಲ್ಲಿ ಬಂದದ್ದು. ಅದನ್ನ ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಸಿರೋಸಿಸ್ ಇರೋರಲ್ಲಿ ಇದು ಮತ್ತೆ ರಕ್ತಸ್ರಾವ ಆಗೋದನ್ನ ತಡೆಯುತ್ತೆ ಅಂತ ಪ್ಯಾರಿಸ್‌ನ ಡಿಡಿಯೆ ಲೆಬ್ರೆಕ್ ತಂಡ 1981ರಲ್ಲಿ ತೋರಿಸಿತು. ಈಗ ಹೆಚ್ಚಾಗಿ ಕೊಡೋದು ಅದರ ಬಳಗದ ಕಾರ್ವೆಡಿಲೋಲ್. ಇಟಲಿಯಲ್ಲಿ ಮಜ್ಜೋರೆ ಸರೋವರದ ದಡದಲ್ಲಿ ಬವೇನೊ ಅಂತ ಒಂದು ಊರಿದೆ. 1990ರಲ್ಲಿ ಅಲ್ಲಿ ಶುರುವಾದ ಲಿವರ್ ತಜ್ಞರ ಸಭೆಗಳ ಸಾಲು ಇವತ್ತಿಗೂ ಆ ಊರಿನ ಹೆಸರಲ್ಲೇ ನಡೀತಿದೆ. ಯಾರಿಗೆ ಎಂಡೋಸ್ಕೋಪಿ ಬೇಕು, ಯಾರಿಗೆ ಮಾತ್ರೆ ಸಾಕು ಅನ್ನೋ ಸಲಹೆಗಳು ಬರೋದು ಅಲ್ಲಿಂದಲೇ.

ಡಾಕ್ಟರು ದೊಡ್ಡಪ್ಪನಿಗೆ ಕಾರ್ವೆಡಿಲೋಲ್ ಶುರು ಮಾಡಿದರು. ಮೊದಲು 3.125 ಮಿಲಿಗ್ರಾಂ ಎರಡು ಹೊತ್ತು, ಆಮೇಲೆ 6.25. ಏಳು ತಿಂಗಳು ಸುಸೂತ್ರವಾಗಿ ನಡೀತು. ಸಂಕ್ರಾಂತಿಗೆ ಊರಿಗೆ ಹೋದಾಗ ದೊಡ್ಡಮ್ಮ ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ನಿಮ್ ದೊಡ್ಡಪ್ಪ ಮಾತ್ರೆ ಬಿಟ್ಟು ಹದಿನೈದು ದಿನ ಆಯ್ತು. ನೀವಾದ್ರೂ ಹೇಳ್ರಪ್ಪಾ."

ಹಜಾರಕ್ಕೆ ಬಂದು ಕೇಳಿದರೆ ದೊಡ್ಡಪ್ಪನ ವಾದ ಸಿದ್ಧವಾಗಿತ್ತು. "ಏಳು ತಿಂಗ್ಳಿಂದ ಏನಾರಾ ಆಗದಾ? ಇಲ್ಲ. ಅದಕ್ಕೆ ಮುಂಚೆ ಏನಾರಾ ಆಗಿತ್ತಾ? ಅದೂ ಇಲ್ಲ. ಮತ್ತೆ ಈ ಮಾತ್ರೆ ಯಾವನ್ಗೆ ಬೇಕ್ಲಾ?" ಪಕ್ಕದೂರಿನಲ್ಲಿ ಲಿವರ್ ತೊಳೆಯೋ ನಾಟಿ ಔಷಧಿ ಕೊಡೋರು ಇದ್ದಾರೆ, ಅಲ್ಲಿಗೆ ಹೋಗ್ತೀನಿ ಅನ್ನೋದು ಅವರ ಯೋಜನೆ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ಬೇರೆ ತರಿಸಿಕೊಂಡಿದ್ದರು. ಆ ಜಾತಿಯ ನೋವಿನ ಮಾತ್ರೆಗಳು ಸಿರೋಸಿಸ್ ಇರೋರಿಗೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಅದನ್ನ ಮೊದಲು ಎತ್ತಿಟ್ಟೆವು.

ಆಮೇಲೆ ಎಂಜಿನಿಯರ್‌ಗಳು ಮಾಡೋ ಕೆಲಸ ಮಾಡಿದೆವು, ಅಂಕಿಅಂಶ ತೆಗೆದೆವು. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಸ್ಪೇನ್ ದೇಶದ ಪ್ರಯೋಗ ಒಂದಿದೆ. ಸಿರೋಸಿಸ್ ಇದ್ದು ಪೋರ್ಟಲ್ ಒತ್ತಡ 10 ದಾಟಿದ, ಆದರೆ ದೊಡ್ಡ ವೇರಿಸಸ್ ಇಲ್ಲದ 201 ಜನರಲ್ಲಿ ಅರ್ಧ ಮಂದಿಗೆ ಬೀಟಾ ಬ್ಲಾಕರ್, ಇನ್ನರ್ಧಕ್ಕೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟರು. ಕಾಯಿಲೆ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಖಾಲಿ ಮಾತ್ರೆಯವರಲ್ಲಿ ನೂರಕ್ಕೆ 27, ನಿಜವಾದ ಮಾತ್ರೆಯವರಲ್ಲಿ 16. ಹೆಚ್ಚಿನ ಲಾಭ ಆದದ್ದು ಹೊಟ್ಟೆಯಲ್ಲಿ ನೀರು ತುಂಬೋದನ್ನ ತಡೆಯೋದರಲ್ಲಿ. ನಾವು ಇದನ್ನ ಹಾಳೆ ಮೇಲೆ ಬರೆದು ತೋರಿಸಿದೆವು.

ದೊಡ್ಡಪ್ಪ ಹಾಳೆ ನೋಡಿ ಕೇಳಿದರು: "ಅಂದ್ರೆ ಮಾತ್ರೆ ತಗೊಳ್ದೆ ಇದ್ರೂ ನೂರಕ್ಕೆ 73 ಜನ ಚೆನ್ನಾಗೇ ಇದ್ರು ಅನ್ನು." ಏಳನೇ ಕ್ಲಾಸ್ ಓದಿದ ಮನುಷ್ಯ ನಮ್ಮ ಪ್ರಾಬಬಿಲಿಟಿಯನ್ನ ಒಂದೇ ಸಾಲಲ್ಲಿ ತಿರುಗಿಸಿಟ್ಟರು. ಅವರು ಹೇಳಿದ್ದು ನಿಜ. 73 ಜನಕ್ಕೆ ಹೇಗೂ ಏನೂ ಆಗ್ತಿರಲಿಲ್ಲ. 16 ಜನಕ್ಕೆ ಮಾತ್ರೆ ತಗೊಂಡೂ ಆಯ್ತು. ನಡುವಿನ 11 ಜನರನ್ನ ಮಾತ್ರೆ ಉಳಿಸ್ತು. ಆ 11 ಜನ ಯಾರು ಅಂತ ಅವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ದೊಡ್ಡಪ್ಪನಿಗಿದ್ದದ್ದು ದೊಡ್ಡ ವೇರಿಸಸ್, ಅಪಾಯ ಆ 201 ಜನಕ್ಕಿಂತ ಜಾಸ್ತಿ ಅಂತ ಹೇಳಿದರೂ ಅವರು ತಲೆ ಅಲ್ಲಾಡಿಸಿದರು, ಒಪ್ಪಲಿಲ್ಲ.

ಅಲ್ಲೇ ರಾಗಿ ಕೇರ್ತಿದ್ದ ದೊಡ್ಡಮ್ಮ ಬಾಯಿ ಹಾಕಿದರು. "ನೀರಗಂಟಿಗೆ ಸುಗ್ಗೀಲಿ ಎಲ್ರೂ ರಾಗಿ ಅಳೀತಿರಲಿಲ್ವಾ? ಈ ವರ್ಷ ಕೆರೆ ಒಡೀಲಿಲ್ಲ, ನಿಂಗ್ಯಾಕೆ ರಾಗಿ ಅಂತ ಯಾವತ್ತಾರಾ ಕೇಳಿದ್ರಾ?"

ನಮ್ಮ ವಯಸ್ಸಿನವರಿಗೆ ನೀರಗಂಟಿ ಗೊತ್ತಿಲ್ಲದಿರಬಹುದು. ಕೆರೆಯ ತೂಬು ಎತ್ತಿ ಇಳಿಸೋದು, ಗದ್ದೆಗೆ ಸರದಿ ಮೇಲೆ ನೀರು ಬಿಡೋದು, ಮಳೆಗಾಲದ ರಾತ್ರಿ ಏರಿ ಮೇಲೆ ನಡೆದು ಎಲ್ಲಿ ನೀರು ಜಿನುಗ್ತಿದೆ, ಎಲ್ಲಿ ಏಡಿ ಬಿಲ ತೋಡಿದೆ ಅಂತ ನೋಡೋದು ಅವನ ಕೆಲಸ. ಸಂಬಳ ಅಂದರೆ ಕೆರೆ ಕೆಳಗಿನ ರೈತರು ಅಳೆದುಕೊಡೋ ಧಾನ್ಯ.

ದೊಡ್ಡಪ್ಪ ನಕ್ಕರು. "ಅವ್ನು ಮಳೇಲಿ ಏರಿ ಮೇಲೆ ನಡೀತಿದ್ದ. ಈ ಮಾತ್ರೆ ಎಲ್ ನಡೀತದೆ?"

"ಒಳಗೆ ನಡೀತದೆ ಬಿಡಿ" ಅಂದರು ದೊಡ್ಡಮ್ಮ, ಮೊರ ಕೆಳಗಿಡದೇ.

ಇಷ್ಟಾದ ಮೇಲೆ ನಿಜವಾದ ಕಾರಣ ಹೊರಗೆ ಬಂತು. ಬೆಳಿಗ್ಗೆ ಹಾಲು ಕರೆದು ಎದ್ದು ನಿಂತರೆ ಕಣ್ಣು ಕತ್ತಲೆ ಕಟ್ಟುತ್ತಂತೆ. ಒಂದು ಸಲ ಕೊಟ್ಟಿಗೆಯ ಗೂಟ ಹಿಡ್ಕೊಂಡು ನಿಂತಿದ್ದರು. ಹಸು ಮುಂದೆ ಬಿದ್ದರೆ ಊರವರು ಏನೆಂದುಕೊಳ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ. ನಾವು ಅಷ್ಟು ಹೊತ್ತು ವಾದಿಸ್ತಿದ್ದದ್ದು ಪ್ರಾಬಬಿಲಿಟಿ ಬಗ್ಗೆ, ಅವರ ತೊಂದರೆ ಇದ್ದದ್ದು ತಲೆಸುತ್ತಿನಲ್ಲಿ.

ಅದಕ್ಕೆ ಪರಿಹಾರ ಇತ್ತು. ಅವರನ್ನ ಬೆಂಗಳೂರಿಗೆ ಕರ್ಕೊಂಡು ಹೋಗಿ ಎಲ್ಲಾ ಹೇಳಿದೆವು. ಮಾತ್ರೆ ಮತ್ತೆ ಕಮ್ಮಿ ಪ್ರಮಾಣದಲ್ಲಿ ಶುರುವಾಯ್ತು. ಬಿಪಿ ಮಿಷನ್ ಕೊಂಡು, ದಿನಾ ಬೆಳಿಗ್ಗೆ ಕೂತಾಗ ಒಂದು ಸಲ, ನಿಂತಾಗ ಒಂದು ಸಲ ನೋಡಿ ವಾಟ್ಸಾಪ್ ಮಾಡೋದು ದೊಡ್ಡಮ್ಮನ ಪಾಲಿಗೆ ಬಂತು. ಎಕ್ಸೆಲ್‌ನಲ್ಲಿ ಗ್ರಾಫ್ ಹಾಕೋದು ನಮ್ಮ ಪಾಲಿಗೆ. ಮೇಲಿನ ಅಂಕಿ 90ರ ಕೆಳಗೆ ಇಳಿದರೆ ಫೋನ್ ಮಾಡಬೇಕು ಅಂತ ಡಾಕ್ಟರ ಸೂಚನೆ. ಪೂರ್ತಿ ಪ್ರಮಾಣದ ಮಾತ್ರೆಯನ್ನ 6.25 ಎರಡು ಹೊತ್ತು ಅವರ ದೇಹ ತಡೆಯಲ್ಲ ಅಂತ ಮೂರು ವಾರದ ಗ್ರಾಫ್ ನೋಡಿದಾಗ ಸ್ಪಷ್ಟವಾಯ್ತು. ಹಾಗಾಗಿ ಅರ್ಧ ಪ್ರಮಾಣದ ಮಾತ್ರೆಯ ಜೊತೆ ಬ್ಯಾಂಡೂ ಹಾಕೋಣ ಅಂತ ತೀರ್ಮಾನ ಆಯ್ತು. ಆಸ್ತಮಾ ಇರೋರಿಗೆ ಈ ಮಾತ್ರೆ ಕೊಡೋಕೇ ಆಗಲ್ಲ, ಅಂಥವರಿಗೂ ಬ್ಯಾಂಡೇ ದಾರಿ.

ಮೂರು ಸಲ ಬ್ಯಾಂಡ್ ಹಾಕಿಸಿದೆವು, ಮೂರು ಮೂರು ವಾರದ ಅಂತರದಲ್ಲಿ. ನುಂಗೋಕೆ ಸ್ವಲ್ಪ ನೋವು, ಎದೆ ಹಿಡಿದ ಹಾಗೆ. ಕೆಲವು ದಿನ ಗಂಜಿ, ಮೊಸರನ್ನ ಮಾತ್ರ. "ಮುದ್ದೆ ಇಲ್ದಿರೋ ಊಟ ಊಟವೇನ್ಲಾ" ಅನ್ನೋ ಬೈಗುಳ ಪ್ರತಿ ಸಲವೂ ನಮಗೆ ಸಿಕ್ತು. ಬ್ಯಾಂಡ್ ಉದುರಿದ ಜಾಗದಲ್ಲಿ ಹುಣ್ಣಾಗಿ ರಕ್ತ ಬರೋ ಸಾಧ್ಯತೆ ಇರೋದರಿಂದ ಆ ವಾರಗಳಲ್ಲಿ ನಮ್ಮ ಫೋನು ರಾತ್ರಿಯೂ ಸೈಲೆಂಟ್ ಮೋಡ್‌ಗೆ ಹೋಗಲಿಲ್ಲ. ಏನೂ ಆಗಲಿಲ್ಲ.

ಎಷ್ಟೇ ತಡೆದರೂ ಅಪಾಯ ಸೊನ್ನೆ ಆಗಲ್ಲ. ಹಾಗಾಗಿ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೀವಿ. ರಕ್ತ ವಾಂತಿ ಆದರೆ, ಅಥವಾ ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ 108ಕ್ಕೆ ಫೋನ್. ಒಂದು ಮಗ್ಗುಲಿಗೆ ಮಲಗಿಸೋದು, ಬಾಯಿಗೆ ನೀರೂ ಹಾಕದಿರೋದು. ಆಸ್ಪತ್ರೆಯಲ್ಲಿ ಹೇಳಬೇಕಾದ ಮೊದಲ ಮಾತು: "ಸಿರೋಸಿಸ್ ಇದೆ, ವೇರಿಸಸ್ ಇದೆ." ಯಾಕೆಂದರೆ ಒತ್ತಡ ಇಳಿಸೋ ಇಂಜೆಕ್ಷನ್ನು, ಆಂಟಿಬಯೋಟಿಕ್ಕು ಎಂಡೋಸ್ಕೋಪಿಗೂ ಮುಂಚೆಯೇ ಶುರು ಮಾಡ್ತಾರೆ. ಎಂಡೋಸ್ಕೋಪಿ 12 ಗಂಟೆಯೊಳಗೆ ಆಗಬೇಕು. ನಮ್ಮೂರಿಂದ ತುಮಕೂರು, ಮಂಡ್ಯ, ಬೆಂಗಳೂರು ಎಲ್ಲವೂ ದೂರವೇ, ಎಲ್ಲಿಗೆ ಹೋಗೋದು ಅಂತ ಮೊದಲೇ ತೀರ್ಮಾನಿಸಿ ಬರೆದಿಟ್ಟಿದ್ದೀವಿ.

ಮೊನ್ನೆ ಯುಗಾದಿಗೆ ಹೋದಾಗ ಒಂದು ವಿಷಯ ಗೊತ್ತಾಯ್ತು. ಊರಲ್ಲಿ ಕುಡಿತದ ಅಭ್ಯಾಸ ಇರೋ ಒಬ್ಬರಿಗೆ ಕಾಲು ಊದಿಕೊಂಡಿತ್ತಂತೆ. ಅವರನ್ನ ಜಗಲಿ ಮೇಲೆ ಕೂರಿಸಿಕೊಂಡು ದೊಡ್ಡಪ್ಪನೇ ತಮ್ಮ ಕಾಯಿಲೆ ವಿಷಯ ಹೇಳಿದ್ದಾರೆ, ಎಂಡೋಸ್ಕೋಪಿ ಹೇಗಿರುತ್ತೆ ಅಂತ ವರ್ಣಿಸಿದ್ದಾರೆ, ಮೊದಲು ಕುಡಿಯೋದು ಬಿಡು ಅಂದಿದ್ದಾರೆ. ಕುಡಿತದಿಂದ ಬಂದ ಸಿರೋಸಿಸ್‌ನಲ್ಲಿ ಕುಡಿಯೋದು ನಿಲ್ಲಿಸಿದರೆ ಪೋರ್ಟಲ್ ಒತ್ತಡ ಇಳಿಯೋದೂ ಉಂಟು. ಯಾರಿಗೂ ಹೇಳಬೇಡಿ ಅಂದಿದ್ದ ಮನುಷ್ಯ ಇವರೇನಾ ಅಂತ ನಾವು ಮುಖ ಮುಖ ನೋಡಿಕೊಂಡೆವು.

ಗೆಳೆಯರೇ, ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮನೆಯಲ್ಲಿ ಶುಗರ್ ಇರೋರು, ಕುಡಿಯೋರು, ಯಾವತ್ತಾದರೂ ಹೆಪಟೈಟಿಸ್ ಬಂದಿದ್ದವರು ಯಾರಾದರೂ ಇದ್ದರೆ ಅವರ ಹಳೇ ರಕ್ತ ಪರೀಕ್ಷೆಯ ರಿಪೋರ್ಟುಗಳನ್ನ ತೆಗೆದು ಪ್ಲೇಟ್‌ಲೆಟ್ ಸಾಲು ನೋಡಿ. ಜ್ವರ ಇಲ್ಲದಾಗಲೂ ಒಂದೂವರೆ ಲಕ್ಷದ ಕೆಳಗೇ ಇದ್ದರೆ ಡಾಕ್ಟರಿಗೆ ತೋರಿಸಿ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಫೈಬ್ರೋಸ್ಕ್ಯಾನ್ ಇದೆ. ಚರ್ಮದ ಮೇಲಿಂದ 50 ಹರ್ಟ್ಸ್‌ನ ಒಂದು ಸಣ್ಣ ತಟ್ಟು ಕೊಟ್ಟು ಅಲೆಯ ವೇಗ ಅಳೀತಾರೆ, ಸೂಜಿ ಚುಚ್ಚಲ್ಲ. ಆ ಅಳತೆ 20 ಕಿಲೋಪ್ಯಾಸ್ಕಲ್‌ಗಿಂತ ಕಮ್ಮಿ ಇದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಎಂಡೋಸ್ಕೋಪಿಯೂ ಬೇಕಾಗಲ್ಲ. ಹೆಪಟೈಟಿಸ್ ಬಿ, ಸಿ ಇದ್ದರೆ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಚಿಕಿತ್ಸೆ ಉಚಿತ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಹೊಟ್ಟೆ, ಕರುಳು, ಲಿವರ್ ಕಾಯಿಲೆಗಳಿಗೇ ಮೀಸಲಾದ ಸರ್ಕಾರಿ ಸಂಸ್ಥೆ ಇದೆ. ಮಾತ್ರೆ ಮಾತ್ರ ನೀವಾಗಿ ಶುರು ಮಾಡಬೇಡಿ, ಶುರುವಾದದ್ದನ್ನ ನೀವಾಗಿ ನಿಲ್ಲಿಸಬೇಡಿ. ತಗೊಳ್ಳೋರು ಬೇಡ ಅಂದರೆ ವಾದಕ್ಕಿಂತ ಮುಂಚೆ ಯಾಕೆ ಅಂತ ಕೇಳಿ.

ದೊಡ್ಡಪ್ಪನ ಕೊನೇ ಎಂಡೋಸ್ಕೋಪಿಯಲ್ಲಿ ಹಳೇ ಮೂರು ನಾಳಗಳ ಜಾಗದಲ್ಲಿ ಬಿಳಿ ಕಲೆ ಮಾತ್ರ ಕಂಡಿತು. ಮುಂದಿನದು ನಮ್ಮ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ. ದೊಡ್ಡಮ್ಮ ಇವತ್ತು ಬೆಳಿಗ್ಗೆ ಕಳಿಸಿದ ಬಿಪಿ 108/70, ನಾಡಿ 62.